ಹೂಮಳೆಯ ಪಂಪ್‌ಸೆಟ್ಟಿಗೆ ವಿಮಾನದ ಶಿಸ್ತು: ನನ್ನ ಅನುಭವ

ಮೂಡಿಗೆರೆ ಕಡೆ ರೊಬಸ್ಟಾ ಕಾಫಿ ಬೆಳೆಯುವವರಿಗೆ ಫೆಬ್ರವರಿ ಕೊನೆಯಲ್ಲಿ, ಹೂ ಅರಳಿಸಲು ಗಿಡಗಳಿಗೆ ತುಂತುರು ನೀರು (ಹೂಮಳೆ) ಕೊಡುವ ಹೊತ್ತಿಗೆ, ಪಂಪ್‌ಸೆಟ್ ಕೈಕೊಟ್ಟರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ನನಗೆ ಸತತ ಎರಡು ವರ್ಷ ಹಾಗಾಯಿತು. ಮೊದಲ ಸಲ ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪಿನೊಳಗಿನ ಪ್ಲಂಜರ್ ತುಕ್ಕು ಹಿಡಿದು ಕಚ್ಚಿಕೊಂಡಿತು. ಚಿಕ್ಕಮಗಳೂರಿಗೆ ಒಯ್ದು ಸರಿಪಡಿಸಿ ತರುವಷ್ಟರಲ್ಲಿ ಹದಿನೆಂಟು ಸಾವಿರದ ಹತ್ತಿರ ಖರ್ಚಾಯಿತು, ಆರು ದಿನ ಕಳೆದವು, ಮೂರು ಎಕರೆಗೆ ಹೂಮಳೆ ಸಿಗಲೇ ಇಲ್ಲ. ಮರುವರ್ಷ ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿಗೆಂದು ಮತ್ತೆ ಒಂಬತ್ತು ಸಾವಿರ ಹೋಯಿತು. ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ವಿಮಾನಗಳಿಗೆ ಎಟಿಎಫ್ (ವಿಮಾನದ ಇಂಧನ) ತುಂಬಿಸಿ ಬಂದವನ ಡೀಸೆಲ್ಲಿನಲ್ಲೇ ನೀರು ಸೇರಿತ್ತು.

ಒಂದು ತಿಂಗಳು ಬಂಕಿನವರನ್ನೇ ಅನುಮಾನಿಸಿದೆ. ತಪ್ಪು ನನ್ನದೇ ಆಗಿತ್ತು. ಡ್ರಮ್ಮನ್ನು ಮಳೆಗಾಲವಿಡೀ ಕೊಟ್ಟಿಗೆಯ ಸೂರಿನಂಚಿಗೆ ನೆಟ್ಟಗೆ ನಿಲ್ಲಿಸಿದ್ದೆ. ಅದರ ಮುಚ್ಚಳದ ಸುತ್ತ ನೀರು ನಿಲ್ಲುತ್ತಿತ್ತು. ರಾತ್ರಿ ತಣ್ಣಗಾದಾಗ ಒಳಗಿನ ಗಾಳಿಯೂ ಡೀಸೆಲ್ಲೂ ಕುಗ್ಗಿ, ಬಿರಡೆಯ ತಿರುಪಿನ ಸಂದಿನಿಂದ ಆ ನೀರನ್ನು ಒಳಗೆಳೆದುಕೊಳ್ಳುತ್ತಿದ್ದವು.

ಆಗ ಹಳೆಯ ಕೆಲಸದ ಕ್ರಮವನ್ನೇ ತೋಟಕ್ಕೆ ತಂದೆ. ಡ್ರಮ್ಮನ್ನು ಸೂರಿನ ಕೆಳಗೆ ಅಡ್ಡ ಮಲಗಿಸಿ, ಹಿಂಬದಿಯನ್ನು ಎರಡಿಂಚು ಎತ್ತರಿಸಿ, ತಗ್ಗಿನ ತುದಿಗೆ ನಲ್ಲಿ ಕೂರಿಸಿದೆ. ನೀರೂ ಕಸವೂ ಇಳಿದು ಸೇರುವ ಆ ತಗ್ಗೇ, ವಿಮಾನಕ್ಕೆ ಇಂಧನ ತುಂಬಿಸುವ ನಮ್ಮ ಭಾಷೆಯಲ್ಲಿ, ಸಂಪ್. ಎಟಿಎಫ್ ಟ್ಯಾಂಕಿನಲ್ಲಿ ನೀರು, ಕಸ ತಳಕ್ಕಿಳಿಯಲೆಂದು ಇಂಧನವನ್ನು ಆಳದ ಮೀಟರಿಗೆ ಮೂರು ಗಂಟೆಯಂತೆ ತಂಗಲು ಬಿಡುವುದು ರೂಢಿ. ಆ ಲೆಕ್ಕದಲ್ಲಿ ಡ್ರಮ್ಮಿಗೆ ಎರಡು ಗಂಟೆ ಸಾಕು, ಆದರೆ ಜೀಪಿನಲ್ಲಿ ಕುಲುಕಿ ಬಂದ ಡೀಸೆಲ್ಲಿಗೆ ನಾನು ಒಂದು ಇಡೀ ರಾತ್ರಿ ಕೊಡುತ್ತೇನೆ. ಮೊದಲ ಸಲ ಅವಸರದಲ್ಲಿ ತುಂಬಿಸಿದ ಅರ್ಧ ಗಂಟೆಗೇ ನಲ್ಲಿ ಬಿಟ್ಟು, ನೀರಿಲ್ಲವೆಂದು ಬೀಗಿ, ಮರುದಿನ ಒಂದು ಫಿಲ್ಟರ್ ಕಳೆದುಕೊಂಡೆ. ಎಂಜಿನ್ನಿಗೆ ಹೋಗುವ ಡೀಸೆಲ್ಲನ್ನು ತಳದಿಂದಲ್ಲದೆ ತೇಲುವ ಬಾಯಿಯ ಕೊಳವೆಯಿಂದ ಮೇಲ್ಪದರದಲ್ಲೇ ಎಳೆಯುತ್ತೇನೆ. ತೇಲಲು ಏನು ಕಟ್ಟಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ವಸ್ತು ಹಾಳುಮಾಡಿಕೊಂಡ ಮೇಲೆ ಅದು ಸಿಕ್ಕಿದ್ದು.

ಬೆಳಿಗ್ಗೆ ಸಂಪಿನಿಂದ ಒಂದು ಗಾಜಿನ ಜಾಡಿ ತುಂಬ ಹಿಡಿದು ಸುಳಿ ಬರುವಂತೆ ತಿರುಗಿಸಿದರೆ ಕಸವೆಲ್ಲ ತಳದ ನಡುವೆ ಗುಡ್ಡೆಯಾಗುತ್ತದೆ. ವಿಮಾನದವರು ಹೇಳುವ ‘ಕ್ಲಿಯರ್ ಆಂಡ್ ಬ್ರೈಟ್’ ಎಂಬುದು ಬಣ್ಣಕ್ಕೆ ಸಂಬಂಧಿಸಿದ್ದಲ್ಲ, ಮಬ್ಬಿಲ್ಲದಿರುವುದಕ್ಕೆ ಸಂಬಂಧಿಸಿದ್ದು. ಮಬ್ಬು ಕಂಡರೆ ಸ್ವಲ್ಪ ಕಾಯಬೇಕು: ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿ, ಮೇಲಿನಿಂದ ಕೆಳಕ್ಕೆ ತಿಳಿಯಾದರೆ ನೀರು. ಎಟಿಎಫ್‌ಗೆ ಬಳಸುವ ನೀರು ಪತ್ತೆಯ ಕ್ಯಾಪ್ಸೂಲನ್ನೂ ತರಿಸಿ ನೋಡಿದೆ, ಡೀಸೆಲ್ಲಿನ ಹಳದಿಯಲ್ಲಿ ಅದರ ಬಣ್ಣ ತಿಳಿಯದೆ ದುಡ್ಡು ದಂಡವಾಯಿತು. ಅದಕ್ಕಿಂತ ಜಿಲೇಬಿಗೆ ಹಾಕುವ ಬಣ್ಣದ ಪುಡಿ ಒಂದು ಚಿಟಿಕೆ ಮೇಲು. ಅದು ಡೀಸೆಲ್ಲಿನಲ್ಲಿ ಕರಗದೆ ತಳ ಸೇರುತ್ತದೆ, ತಳದಲ್ಲಿ ನೀರಿನ ಹನಿ ಇದ್ದರೆ ಅದಕ್ಕೆ ಕೂಡಲೇ ಬಣ್ಣ ಏರುತ್ತದೆ.

ತೂಕದ ಪ್ರಯೋಗವನ್ನೂ ಮಾಡಿದೆ. ಪೈಲಟ್ಟುಗಳು ಇಂಧನವನ್ನು ಕಿಲೋದಲ್ಲಿ ಕೇಳುತ್ತಾರೆ, ಇಂಧನ ತುಂಬಿಸುವ ಟ್ಯಾಂಕರಾದ ಬೌಸರಿನ ಮೀಟರ್ ಲೀಟರ್ ತೋರಿಸುತ್ತದೆ, ನಡುವೆ ಸಾಂದ್ರತೆಯ ಲೆಕ್ಕ ತಪ್ಪಬಾರದು. 1983ರಲ್ಲಿ ಏರ್ ಕೆನಡಾದ ಬೋಯಿಂಗ್ 767 ಪೌಂಡು–ಕಿಲೋ ಗೊಂದಲದಿಂದ ಬೇಕಾದುದರ ಅರ್ಧಕ್ಕೂ ಕಡಿಮೆ ಇಂಧನದೊಂದಿಗೆ ಹಾರಿ, ಎರಡೂ ಎಂಜಿನ್ ನಿಂತು ಕೆನಡಾದ ಗಿಮ್ಲಿಯಲ್ಲಿ ತೇಲಿಕೊಂಡು ಇಳಿದದ್ದು ಈ ಲೆಕ್ಕದಲ್ಲೇ. ನಾನು ಕಾಫಿ ಮೂಟೆ ತೂಗುವ ಯಂತ್ರದ ಮೇಲೆ ಡ್ರಮ್ಮನ್ನು ಇಟ್ಟು, ಲೀಟರಿಗೆ 0.83 ಕಿಲೋ ಹಿಡಿದು ಲೆಕ್ಕ ಹಾಕಿದಾಗ, ಎಂಜಿನ್ ಓಡಿಸದ ಹತ್ತು ದಿನಗಳಲ್ಲೇ ಏಳು ಲೀಟರಿನಷ್ಟು ಮಾಯವಾಗಿತ್ತು. ಆಳುಗಳ ಮೇಲೆ ಸಿಟ್ಟಾಗುವ ಮುನ್ನ ನೋಡಿದರೆ, ನಾನೇ ಕೂರಿಸಿದ ಸಂಪಿನ ನಲ್ಲಿ ಸೋರುತ್ತಿತ್ತು.

‘ಇದೇನಯ್ಯಾ, ತೋಟವೋ ಏರ್‌ಪೋರ್ಟೋ?’ ಎಂದು ಭಾವನವರು ಎರಡು ವರ್ಷ ನಕ್ಕರು. ನಲ್ಲಿ, ಕೊಳವೆ, ಸ್ಟ್ಯಾಂಡ್ ಎಲ್ಲ ಸೇರಿ ನನಗೆ ಆದದ್ದು ಮೂರೂವರೆ ಸಾವಿರದೊಳಗೆ. ನಾಲ್ಕು ಹೂಮಳೆ ಕಳೆದರೂ ಪಂಪು, ಇಂಜೆಕ್ಟರ್ ಬಿಚ್ಚಿಲ್ಲ. ಹೋದ ಜನವರಿಯಲ್ಲಿ ಭಾವನವರು ತಮ್ಮ ಎರಡು ಡ್ರಮ್ಮುಗಳನ್ನು ಮಲಗಿಸಿದ್ದಾರೆ, ತೇಲುವ ಬಾಯಿಗೆ ಏನು ಕಟ್ಟಿದ್ದೀಯ ಎಂದು ಈಗಲೂ ಕೇಳುತ್ತಿದ್ದಾರೆ.