ಕ್ಯಾಟಲೇಸ್ ಹಾಕಿದ ಸಾಲು: ಮೆಲನೋಮ ಕೋಶಗಳ ಜೊತೆ ನನ್ನ ಅನುಭವ

ಹದಿನಾಲ್ಕು ತಿಂಗಳ ಕೆಲಸವನ್ನು ಒಂದೇ ಒಂದು ಕಂಟ್ರೋಲ್ (ಹೋಲಿಕೆಗೆ ಇಡುವ ಪ್ರಯೋಗ) ಮಣ್ಣುಪಾಲು ಮಾಡಿತು. ಎ375 ಎಂಬ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳಿಗೆ ಆಸ್ಕಾರ್ಬೇಟ್, ಅಂದರೆ ವಿಟಮಿನ್ ಸಿ ಹಾಕಿ, ಮರುದಿನ ಬೆಳಿಗ್ಗೆ ಅವು ಸತ್ತು ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವದಲ್ಲಿ) ತೇಲುವುದನ್ನು ನೋಡಿ ಖುಷಿಪಡುತ್ತಿದ್ದವನು ನಾನು. 2 ಮಿಲಿಮೋಲಾರ್ ಸಾಂದ್ರತೆಗೆ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಹೋಗುತ್ತಿದ್ದವು. ವಿಭಾಗದ ಸಭೆಯಲ್ಲಿ ಗ್ರಾಫ್ ತೋರಿಸಿದಾಗ ನಮ್ಮ ಸೀನಿಯರ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಇದು ಕೋಶದ ಒಳಗೆ ನಡೆದದ್ದೋ, ಹೊರಗೆ ನಡೆದದ್ದೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟು ಮಾತ್ರ ಬಂತು.

ಮರುವಾರ, ಕೋಶ ಬೆಳೆಸುವ ಪುಟ್ಟ ಗುಳಿಗಳಿರುವ (ಅವಕ್ಕೆ ವೆಲ್ ಅನ್ನುತ್ತೇವೆ) ಪ್ಲೇಟ್‌ನಲ್ಲಿ ಕ್ಯಾಟಲೇಸ್ ಹಾಕಿದ ಒಂದು ಸಾಲು ಸೇರಿಸಿದೆ. ಕ್ಯಾಟಲೇಸ್ ದೊಡ್ಡ ಪ್ರೋಟೀನು, ಕೋಶದೊಳಗೆ ಸುಲಭವಾಗಿ ಹೋಗುವುದಿಲ್ಲ. ಹೊರಗಿರುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದುಹಾಕುತ್ತದೆ. ಆ ಸಾಲಿನಲ್ಲಿ ಕೋಶಗಳು ಏನೂ ಆಗದವರ ಹಾಗೆ ಅಂಟಿಕೊಂಡು ಕುಳಿತಿದ್ದವು. ಕುದಿಸಿ ಕೆಡಿಸಿದ ಕ್ಯಾಟಲೇಸ್ ಹಾಕಿದ ಸಾಲು ಎಂದಿನಂತೆ ಸತ್ತಿತ್ತು. ಆಸ್ಕಾರ್ಬೇಟ್ ಮೀಡಿಯಾದಲ್ಲಿರುವ ಲೋಹದ ಚೂರುಪಾರು ಅಂಶದ ಜೊತೆ ಸೇರಿ ಪೆರಾಕ್ಸೈಡ್ ಮಾಡುತ್ತಿತ್ತು, ಕೋಶಗಳು ಅದರಲ್ಲಿ ಮುಳುಗಿ ಸಾಯುತ್ತಿದ್ದವು, ಅಷ್ಟೇ. ಹಿಂದಿನ ವರ್ಷ ಮೂರು ತಿಂಗಳು ಏನು ಹಾಕಿದರೂ ಸಾಯದೇ ಇದ್ದದ್ದಕ್ಕೂ ಆಗಲೇ ಉತ್ತರ ಸಿಕ್ಕಿತು. ಆಗ ಬಂದಿದ್ದ ಡಿಎಂಇಎಂ ಎಂಬ ಮೀಡಿಯಾದ ಬಾಟಲಿಗಳಲ್ಲಿ 1 ಮಿಲಿಮೋಲಾರ್ ಪೈರುವೇಟ್ ಇತ್ತು, ಅದು ಪೆರಾಕ್ಸೈಡನ್ನು ತಿಂದುಹಾಕುತ್ತದೆ. ನಾನು ಬಾಟಲಿಯ ಲೇಬಲ್ ಓದದೆ, ಆಸ್ಕಾರ್ಬೇಟ್ ಕೆಟ್ಟಿದೆ ಎಂದುಕೊಂಡು ಹೊಸ ಹೊಸದಾಗಿ ತರಿಸುತ್ತಲೇ ಇದ್ದೆ.

ಹೆಚ್ಚು ಪ್ರಮಾಣದ ಆಸ್ಕಾರ್ಬೇಟ್ ಶರೀರದಲ್ಲೂ ಪೆರಾಕ್ಸೈಡ್ ಮೂಲಕವೇ ಕೆಲಸ ಮಾಡುತ್ತದೆ ಎಂಬ ವಾದ ಇದೆ, ಗೊತ್ತು. ಆದರೆ ನನ್ನ ಪ್ಲೇಟ್‌ನಲ್ಲಿ ಮೀಡಿಯಾ ಮಾಡಿದ ಕೆಲಸವನ್ನು ಔಷಧದ ಖಾತೆಗೆ ಬರೆಯಲು ನನಗೆ ಮನಸ್ಸಾಗಲಿಲ್ಲ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಆ ವರ್ಷದ ಅನುದಾನದಲ್ಲಿ ಅರ್ಧಕ್ಕಿಂತ ಹೆಚ್ಚು ಕೋಶ ಬೆಳೆಯಲು ಮೀಡಿಯಾಗೆ ಸೇರಿಸುವ ಸೀರಮ್‌ಗೆ ಮತ್ತು ಅಳತೆಗೆ ಹಾಕುವ ಡೈಗಳಿಗೇ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೇದ ಹಾಗಾಯಿತು. ನಡುವೆ ಒಂದು ಫ್ಲಾಸ್ಕ್‌ಗೆ ಮೈಕೋಪ್ಲಾಸ್ಮ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಹೊಕ್ಕಿತು. ಕಣ್ಣಿಗೆ ಕಾಣುವುದಿಲ್ಲ, ಮೀಡಿಯಾ ಕದಡುವುದಿಲ್ಲ, ಕೋಶ ಸ್ವಲ್ಪ ನಿಧಾನ ಬೆಳೆಯುತ್ತದೆ. ಆದರೆ ಆಕ್ಸಿಡೇಟಿವ್ ಒತ್ತಡದ (ಪೆರಾಕ್ಸೈಡಿನಂಥವು ಕೋಶಕ್ಕೆ ಕೊಡುವ ಹೊಡೆತದ) ಅಳತೆಗಳು ಪೂರ್ತಿ ಅಡ್ಡಾದಿಡ್ಡಿ. ಎರಡು ತಿಂಗಳ ಡೇಟಾ, ಇನ್‌ಕ್ಯುಬೇಟರ್‌ನಲ್ಲಿದ್ದ ಅಷ್ಟೂ ಫ್ಲಾಸ್ಕ್ ಬಿಸಾಡಿದೆ. ಈಗ ಎರಡು ವಾರಕ್ಕೊಮ್ಮೆ ಅದನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡದೆ ಬಿಡುವುದಿಲ್ಲ. ಬಿಸಾಡಿದ್ದರ ಮುಂದೆ ಅದರ ಖರ್ಚು ಏನೇನೂ ಅಲ್ಲ.

ಆಕ್ಸಿಡೇಟಿವ್ ಒತ್ತಡ ಅಳೆಯಲು ಎಲ್ಲರೂ ಹಾಕುವ ಡೈ ಡಿಸಿಎಫ್‌ಡಿಎ ಬಗ್ಗೆ ನನ್ನ ಅಭಿಪ್ರಾಯ ಖಡಕ್ ಆಗಿದೆ: ಅದೊಂದನ್ನೇ ನಂಬಿ ಯಾರೂ ಪೇಪರ್ ಬರೆಯಬಾರದು. ಆ ಡೈ ಪೆರಾಕ್ಸೈಡ್ ಜೊತೆ ನೇರವಾಗಿ ಸೇರುವುದೇ ಇಲ್ಲ, ನಡುವೆ ಕಬ್ಬಿಣವೋ ಪೆರಾಕ್ಸಿಡೇಸೋ ಬೇಕು. ಬೆಳಕು ಬಿದ್ದರೆ ತಾನೇ ಹೊಳೆಯುತ್ತದೆ. ಹುಡ್‌ನ ದೀಪ ಹಾಕಿಕೊಂಡು ಲೋಡ್ ಮಾಡಿದ ಪ್ಲೇಟ್, ದೀಪ ಆರಿಸಿ ಮಾಡಿದ ಪ್ಲೇಟಿಗಿಂತ ಸುಮಾರು ಒಂದೂವರೆ ಪಟ್ಟು ಹೊಳಪು ತೋರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಬದುಕಿದ ಕೋಶಗಳಲ್ಲಿ ನೇರಳೆಯಾಗುವ ಎಂಟಿಟಿ ಬಣ್ಣವೂ ಕೈಕೊಟ್ಟಿತು. ಆಸ್ಕಾರ್ಬೇಟ್ ಕೋಶದ ಹಂಗಿಲ್ಲದೆ ಎಂಟಿಟಿಯನ್ನು ನೇರಳೆ ಮಾಡುತ್ತದೆ, ಸತ್ತ ವೆಲ್ ಕೂಡ ಬದುಕಿರುವಂತೆ ಕಾಣುತ್ತದೆ. ಕೊನೆಗೆ ಸತ್ತ ಕೋಶಗಳನ್ನು ಮಾತ್ರ ನೀಲಿ ಮಾಡುವ ಟ್ರಿಪಾನ್ ಬ್ಲೂ ಹಾಕಿ ಕೈಯಲ್ಲೇ ಎಣಿಸತೊಡಗಿದೆ.

ಎಣಿಸುತ್ತ ಕೂತಿದ್ದಾಗಲೇ ದಾರಿ ಸಿಕ್ಕಿದ್ದು. ನಾವೆಲ್ಲ ಮೈಕ್ರೋಮೋಲಾರ್ ಬರೆಯುತ್ತೇವೆ, ಒಂದು ಕೋಶಕ್ಕೆ ಎಷ್ಟು ಸಿಕ್ಕಿತು ಎಂದು ಬರೆಯುವುದಿಲ್ಲ. ಹತ್ತು ಸಾವಿರ ಕೋಶ ಇರುವ ವೆಲ್‌ಗೆ 100 ಮೈಕ್ರೋಲೀಟರ್‌ನಲ್ಲಿ 100 ಮೈಕ್ರೋಮೋಲಾರ್ ಪೆರಾಕ್ಸೈಡ್ ಕೊಟ್ಟರೆ ಕೋಶವೊಂದಕ್ಕೆ 1 ಪಿಕೋಮೋಲ್. ಅದೇ ಸಾಂದ್ರತೆಯನ್ನು 200 ಮೈಕ್ರೋಲೀಟರ್‌ನಲ್ಲಿ ಕೊಟ್ಟರೆ 2 ಪಿಕೋಮೋಲ್. ಕೋಶಗಳು ಪೆರಾಕ್ಸೈಡನ್ನು ಒಡೆಯುತ್ತಲೇ ಇರುತ್ತವೆ, ಹಾಗಾಗಿ ತಲಾ ಪಾಲು ಎಷ್ಟು ಎನ್ನುವುದರ ಮೇಲೆ ಸಾವು ನಿಂತಿದೆ. ನೋಟ್‌ಬುಕ್‌ನಲ್ಲಿದ್ದ ಹಳೆಯ ಆರೇಳು ಪ್ರಯೋಗಗಳನ್ನು ಈ ಲೆಕ್ಕಕ್ಕೆ ತಂದು ಮತ್ತೆ ಗುರುತು ಹಾಕಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಚೆಲ್ಲಿಹೋಗಿದ್ದ ಬಿಂದುಗಳು ಒಂದೇ ಗೆರೆಯ ಹತ್ತಿರ ಬಂದು ಕೂತವು. ಪೆರಾಕ್ಸೈಡ್ ಸ್ಟಾಕನ್ನೂ ಅಂದಿನಿಂದ ಪ್ರತಿ ಸಲ 240 ನ್ಯಾನೋಮೀಟರ್‌ನಲ್ಲಿ ಅಳೆದೇ ಹಾಕುತ್ತೇನೆ. ತಿಂಗಳಿಗಿಂತ ಹಳೆಯ ಬಾಟಲಿಯನ್ನು ನಂಬುವುದಿಲ್ಲ.

ಇಷ್ಟಾದ ಮೇಲೆ ನನಗೆ ನಿಜವಾಗಿ ಬೇಕಿದ್ದ ಕೆಲಸ ಶುರು ಮಾಡಿದೆ: ಮೆಲನೋಮಕ್ಕೆ ಕೊಡುವ ವೆಮುರಾಫೆನಿಬ್ ಔಷಧಕ್ಕೆ ಬಗ್ಗದ ಕೋಶಗಳು. ಮೆಲನೋಮ ಗಡ್ಡೆಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟರಲ್ಲಿ ಈ ಔಷಧ ಗುರಿಯಿಡುವ ಬಿರಾಫ್ ಜೀನ್‌ನ ರೂಪಾಂತರ ಇರುತ್ತದೆ, ಎ375ದಲ್ಲೂ ಇದೆ. ಔಷಧ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಬಿಟ್ಟುಹೋಗುತ್ತದೆ. ರೋಗಿಗಳಲ್ಲಿ ಆಗುವುದೂ ಇದೇ. ಔಷಧದ ಹೊಡೆತ ತಡೆದು ಉಳಿದ ಕೋಶಗಳು ಜಿಪಿಎಕ್ಸ್4 ಕಿಣ್ವದ ಮೇಲೆ ವಿಪರೀತ ಅವಲಂಬಿತ ಎಂದು 2017ರಲ್ಲಿ ಪ್ರಕಟವಾಗಿತ್ತು. ಆ ಕಿಣ್ವವನ್ನು ಆರ್‌ಎಸ್‌ಎಲ್3 ಹಾಕಿ ನಿಲ್ಲಿಸಿದರೆ ಪೊರೆಯ ಕೊಬ್ಬು ಆಕ್ಸಿಡೈಸ್ ಆಗಿ ಕೋಶ ಸಾಯಬೇಕು, ಅಂದರೆ ಫೆರಾಪ್ಟೋಸಿಸ್. ನಮ್ಮಲ್ಲಿ ಯಾರಿಗೂ ಇದು ಎರಡು ಸಲ ಒಂದೇ ಥರ ಬಂದಿರಲಿಲ್ಲ. "ಅದು ಬಿಡಪ್ಪ, ನಮ್ಮ ಕೈಯಲ್ಲಿ ಆಗುವುದಲ್ಲ" ಎಂದರು ಪಕ್ಕದ ಬೆಂಚಿನ ಸೀನಿಯರ್.

ಬಗ್ಗದ ಕೋಶ ಪಡೆಯಲು ವೆಮುರಾಫೆನಿಬ್ ಪ್ರಮಾಣವನ್ನು 0.1 ಮೈಕ್ರೋಮೋಲಾರ್‌ನಿಂದ ಏರಿಸುತ್ತ 2ರವರೆಗೆ ತರಲು ನಾಲ್ಕು ತಿಂಗಳು ಹಿಡಿಯಿತು. ಪಕ್ಕದಲ್ಲಿ ಬರೀ ಡಿಎಂಎಸ್‌ಒ (ಔಷಧ ಕರಗಿಸುವ ದ್ರವ) ಹಾಕಿದ ಮೂಲ ಕೋಶಗಳನ್ನೂ ಅಷ್ಟೇ ಪ್ಯಾಸೇಜ್ (ಹೊಸ ಫ್ಲಾಸ್ಕ್‌ಗೆ ವರ್ಗಾಯಿಸುವ ಸುತ್ತು) ಬೆಳೆಸಿದೆ. ಈ ಜೋಡಿ ಇಲ್ಲದೆ ಹೋಲಿಕೆಗೆ ಅರ್ಥ ಇಲ್ಲ. ಒಂದು ಸಲ ಔಷಧ ಮುಗಿದು ನಾಲ್ಕು ದಿನ ಬರೀ ಮೀಡಿಯಾದಲ್ಲಿ ಬಿಟ್ಟೆ. ಕೋಶಗಳು ಚೆನ್ನಾಗಿ ಬೆಳೆಯುತ್ತವೆ ಎಂದುಕೊಂಡಿದ್ದೆ, ಅರ್ಧಕ್ಕರ್ಧ ಸತ್ತವು. ಔಷಧಕ್ಕೇ ಒಗ್ಗಿಹೋಗಿದ್ದವು, ಅದು ತಪ್ಪಿದರೆ ತಡೆಯುವುದಿಲ್ಲ.

ಮೊದಲ ಆರು ಪ್ಲೇಟ್ ಹಾಳು. ಒತ್ತೊತ್ತಾಗಿ ಬೆಳೆದ ಕೋಶಗಳು ಫೆರಾಪ್ಟೋಸಿಸ್‌ಗೆ ಬಗ್ಗುವುದಿಲ್ಲ, ಬಿಡಿಬಿಡಿಯಾಗಿದ್ದವು ಬೇಗ ಹೋಗುತ್ತವೆ. ಅಂದಾಜಿನ ಮೇಲೆ ಬಿತ್ತಿದ ಪ್ಲೇಟ್‌ಗಳಲ್ಲಿ ಉತ್ತರ ದಿನಕ್ಕೊಂದು. ಏಳನೆಯದರಿಂದ ಎಣಿಸಿ ವೆಲ್‌ಗೆ 5,000 ಹಾಕಿದೆ, ಅಂಚಿನ ವೆಲ್‌ಗಳನ್ನು ಬಿಟ್ಟೆ. ಆಗ ಸರಿಯಾಗುತ್ತ ಬಂತು. ಅಷ್ಟರಲ್ಲಿ ಸೀರಮ್ ಲಾಟ್ (ಒಂದೇ ಸಲ ತಯಾರಾದ ಕಂತು) ಬದಲಾಯಿತು, ಮತ್ತೆ ಎಲ್ಲ ತಲೆಕೆಳಗು. ಜಿಪಿಎಕ್ಸ್4 ತಯಾರಾಗಲು ಸೆಲೆನಿಯಮ್ ಬೇಕು, ಕೋಶಗಳಿಗೆ ಅದು ಸಿಗುವುದು ಬಹುಪಾಲು ಸೀರಮ್‌ನಿಂದ. ಅನುಮಾನ ಬಂದು 50 ನ್ಯಾನೋಮೋಲಾರ್ ಸೆಲೆನೈಟ್ ಸೇರಿಸಿ ನೋಡಿದೆ. ಅದೇ ಕೋಶಗಳು ಆರ್‌ಎಸ್‌ಎಲ್3ಗೆ ಗಟ್ಟಿಯಾದವು. ಈಗ ಒಂದೇ ಲಾಟ್‌ನ ಸೀರಮ್ ಇಡೀ ವರ್ಷಕ್ಕಾಗುವಷ್ಟು ಒಮ್ಮೆಲೇ ತರಿಸಿ ಇಡುತ್ತೇನೆ. ಲೆಕ್ಕಪತ್ರ ವಿಭಾಗದವರಿಗೆ ಇದನ್ನು ಒಪ್ಪಿಸಲು ಮೂರು ಸಲ ಓಡಾಡಿದೆ.

ಡೈ ಹಾಕುವ ಮುಂಚಿನ ರಾತ್ರಿ ಸೀರಮ್ ವಿಷಯದಲ್ಲಿ ನಾನು ಒಂದು ಕೆಲಸ ಮಾಡುತ್ತೇನೆ. ಅದನ್ನೂ ಅದರ ಹೊತ್ತನ್ನೂ ಇಲ್ಲಿ ಬರೆಯುವುದಿಲ್ಲ, ಪೇಪರ್ ಇನ್ನೂ ಹೊರಗೆ ಬಂದಿಲ್ಲ.

ಪೊರೆಯ ಕೊಬ್ಬು ಆಕ್ಸಿಡೈಸ್ ಆದಾಗ ಕೆಂಪಿನಿಂದ ಹಸಿರಾಗುವ ಸಿ11-ಬಾಡಿಪಿ ಡೈ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಕೂತ ಆ ಸಂಜೆ ಮರೆಯುವಂಥದ್ದಲ್ಲ. ಮೊದಲು ಎಲ್ಲ ಕೋಶ ಕೆಂಪು. ಆರ್‌ಎಸ್‌ಎಲ್3 ಹಾಕಿ ಎರಡು ಗಂಟೆಯೊಳಗೆ ವೆಮುರಾಫೆನಿಬ್‌ಗೆ ಬಗ್ಗದ ಕೋಶಗಳ ಅಂಚಿನಲ್ಲಿ ಹಸಿರು ಮೂಡಿ ಒಳಕ್ಕೆ ಹರಡತೊಡಗಿತು. ಆಮೇಲೆ ಒಂದೊಂದೇ ಕೋಶ ಉಬ್ಬಿತು. ಪಕ್ಕದಿಂದ ಗುಳ್ಳೆಯೊಂದು ಎದ್ದು, ತೆಳ್ಳಗಾಗಿ, ಕೋಶಕ್ಕಿಂತ ದೊಡ್ಡದಾಗಿ ನಿಂತು, ಒಡೆಯಿತು. ಮೂಲ ಕೋಶಗಳಲ್ಲಿ ಅಷ್ಟು ಹೊತ್ತಿಗೆ ಅಲ್ಲೊಂದು ಇಲ್ಲೊಂದು ಹಸಿರು. ಫೆರಾಪ್ಟೋಸಿಸ್ ತಡೆಯುವ ಫೆರೊಸ್ಟಾಟಿನ್-1 ಹಾಕಿದ ವೆಲ್‌ಗಳು ಕೆಂಪಾಗಿಯೇ ಉಳಿದವು. ಕ್ಯಾಟಲೇಸ್ ಹಾಕಿದ ಸಾಲು ಮಾತ್ರ ಉಳಿಯಲಿಲ್ಲ. ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲಿತ್ತು: ಈ ಸಾವು ಹೊರಗಿನ ಪೆರಾಕ್ಸೈಡಿನದಲ್ಲ, ಕೋಶದ ಪೊರೆಯದು. ನೆನಪಿನಿಂದ ಹೇಳುವುದಾದರೆ, ಮೂಲ ಕೋಶಗಳನ್ನು ಅರ್ಧ ಕೊಲ್ಲಲು ಬೇಕಾದ ಪ್ರಮಾಣದ ಐದನೇ ಒಂದು ಭಾಗ ಬಗ್ಗದವುಗಳಿಗೆ ಸಾಕಾಯಿತು.

ಮಧ್ಯೆ ಬಿ16 ಎಂಬ ಇಲಿಯ ಮೆಲನೋಮ ಕೋಶಗಳ ಕಡೆಗೂ ಹೋಗಿಬಂದೆ. ಆರ್‌ಪಿಎಂಐ ಎಂಬ ಇನ್ನೊಂದು ಮೀಡಿಯಾದಲ್ಲಿ ಬೆಳ್ಳಗಿದ್ದವು ಡಿಎಂಇಎಂಗೆ ಹಾಕಿದ ಮೇಲೆ ಕಪ್ಪಾದವು. ಅದರಲ್ಲಿ ಟೈರೋಸಿನ್ ಹೆಚ್ಚು, ಕೋಶಗಳು ಮೆಲನಿನ್ ಎಂಬ ಕಪ್ಪು ಬಣ್ಣ ಮಾಡುವುದು ಅದರಿಂದಲೇ. ಸೆಂಟ್ರಿಫ್ಯೂಜ್ ಮಾಡಿದರೆ ಟ್ಯೂಬಿನ ತಳದಲ್ಲಿ ಕಾಡಿಗೆಯಂಥ ಚುಕ್ಕೆ. ಮೆಲನಿನ್ ಡೈನ ಬೆಳಕನ್ನೇ ನುಂಗುತ್ತದೆ, ಹಾಗಾಗಿ ಆ ಅಳತೆಗಳನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. 5 ಶೇಕಡಾ ಆಮ್ಲಜನಕದಲ್ಲೂ ಬೆಳೆಸಿ ನೋಡಿದೆ, ಚರ್ಮದೊಳಗೆ ಗಾಳಿಯಲ್ಲಿರುವಷ್ಟು ಆಮ್ಲಜನಕ ಇರುವುದಿಲ್ಲವಲ್ಲ. ಫಲಿತಾಂಶ ಚೆನ್ನಾಗಿ ಬರುತ್ತಿತ್ತು, ಆದರೆ ಸಾರಜನಕದ ಸಿಲಿಂಡರ್ ವಾರಕ್ಕೊಂದು ಖಾಲಿಯಾಗುತ್ತಿತ್ತು. ದುಡ್ಡು ಸಾಲದೆ ನಿಲ್ಲಿಸಿದೆ. ಅದೊಂದು ಕೊರಗು ಉಳಿದಿದೆ.

ಇದನ್ನು ಓದಿ ಯಾರೂ ಮನೆಯವರಿಗೆ ಮಾತ್ರೆ ಹುಡುಕಬೇಡಿ. ಆರ್‌ಎಸ್‌ಎಲ್3 ಶರೀರದೊಳಗೆ ಕೊಡುವಂಥ ವಸ್ತುವಲ್ಲ. ಆಕ್ಸಿಡೇಟಿವ್ ಒತ್ತಡ ಏರಿಸುವ ಎಲೆಸ್ಕ್ಲೊಮಾಲ್ ಎಂಬ ಔಷಧ ಮೆಲನೋಮ ರೋಗಿಗಳ ಮೂರನೇ ಹಂತದ ಪರೀಕ್ಷೆಯವರೆಗೆ ಹೋಗಿ, ಆ ಗುಂಪಿನಲ್ಲಿ ಸಾವು ಹೆಚ್ಚು ಕಂಡು, 2009ರಲ್ಲಿ ನಿಂತಿತು. ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವದ ಮಟ್ಟ ಸಹಜವಾಗಿದ್ದವರಲ್ಲಿ ಮಾತ್ರ ಸ್ವಲ್ಪ ಪ್ರಯೋಜನದ ಸುಳಿವಿತ್ತು. ಯಾವ ಕೋಶ ಬಗ್ಗುತ್ತದೆ ಎಂದು ಮೊದಲೇ ತಿಳಿಯದೆ ಒತ್ತಡ ಏರಿಸಲು ಹೋದರೆ ಏನಾಗುತ್ತದೆ ಎಂದು ನನಗೆ ಅರ್ಥವಾದದ್ದು ಅದನ್ನು ಓದಿಯೇ. ಆಂಟಿಆಕ್ಸಿಡೆಂಟ್ ಒಳ್ಳೆಯದು ಎಂದು ನುಂಗುವುದೂ ಅಷ್ಟೇ ಅಪಾಯ. 2015ರಲ್ಲಿ ಬಂದ ಎರಡು ಬೇರೆ ಬೇರೆ ಇಲಿ ಅಧ್ಯಯನಗಳಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಮೆಲನೋಮ ಹರಡುವುದನ್ನು ಹೆಚ್ಚಿಸಿತ್ತು. ನನ್ನ ಸ್ನೇಹಿತರೊಬ್ಬರ ತಂದೆಗೆ ಈ ಕಾಯಿಲೆ ಬಂದಾಗ ನಾನು ಹೇಳಿದ್ದು ಒಂದೇ ಮಾತು: ಆಂಕಾಲಜಿಸ್ಟ್‌ಗೆ ಹೇಳದೆ ಒಂದು ವಿಟಮಿನ್ನೂ ಬೇಡ.

ಹೋದ ತಿಂಗಳು ಪಕ್ಕದ ಬೆಂಚಿನ ಆ ಸೀನಿಯರ್ ತಾವೇ ಪ್ಲೇಟ್ ಹಾಕುತ್ತೇನೆ ಎಂದರು. ಯಾವ ವೆಲ್‌ನಲ್ಲಿ ಯಾವ ಕೋಶ ಎಂದು ಅವರಿಗೆ ಹೇಳಲಿಲ್ಲ, ಟ್ಯೂಬ್‌ಗಳಿಗೆ ಬರೀ ನಂಬರ್ ಅಂಟಿಸಿ ಕೊಟ್ಟೆ. ಎಣಿಸಿದ್ದು ಅವರೇ, ಔಷಧ ಹಾಕಿದ್ದೂ ಅವರೇ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. "ಮೂರು ಮತ್ತು ಐದನೇ ನಂಬರಿನವು ಬಗ್ಗದವು ತಾನೇ?" ಎಂದರು. ಹೌದಾಗಿತ್ತು. "ಲಾಟ್ ನಂಬರ್ ಕೊಡು, ನಾನೂ ಅದೇ ಸೀರಮ್ ತರಿಸ್ತೀನಿ" ಎಂದು ಪೆನ್ ತೆಗೆದರು.