ಸಂಡೇ ಸ್ಕೂಲ್ ಪಾಠಕ್ಕೆ ತಿರುಗುವ ದೀಪಸ್ತಂಭ

ಕೋಲಾರದ ಮಕ್ಕಳಿಗೆ ಬೆಟ್ಟ ಗೊತ್ತು, ಕಡಲು ಅಷ್ಟಾಗಿ ಗೊತ್ತಿಲ್ಲ. ಮತ್ತಾಯ 5:14-16ರ (“ನೀವು ಲೋಕಕ್ಕೆ ಬೆಳಕಾಗಿದ್ದೀರಿ”) ಪಾಠಕ್ಕೆ ಬರೀ ಚಿತ್ರ ಸಾಲದು. ಬೆಳಕು ತಿರುಗುವ ಮಾದರಿಯನ್ನೇ ಮಾಡಿ.

ಎರಡಡಿ ಎತ್ತರದ, ನಾಲ್ಕಿಂಚಿನ ಪಿವಿಸಿ ಪೈಪಿನ ತುದಿಗೆ 12 ವೋಲ್ಟಿನ, ನಿಮಿಷಕ್ಕೆ 10 ಸುತ್ತಿನ ಗೇರ್ ಮೋಟರನ್ನು ಶಾಫ್ಟ್ ಮೇಲಕ್ಕಿರುವಂತೆ ಕೂರಿಸಿ. ಶಾಫ್ಟಿಗೆ 8 ಸೆಂ.ಮೀ. ಅಗಲದ ರಟ್ಟಿನ ಬಿಲ್ಲೆ, ಅದರ ಸುತ್ತ ಕಪ್ಪು ಚಾರ್ಟ್ ಪೇಪರಿನ ಕೊಳವೆ. ಕೊಳವೆಗೆ 1 ಸೆಂ.ಮೀ. ಅಗಲದ ಒಂದೇ ಉದ್ದ ಸೀಳು. ಎಲ್‌ಇಡಿಯನ್ನು ಬಿಲ್ಲೆಗೆ ಅಂಟಿಸಬೇಡಿ, ವೈರು ಸುತ್ತಿಕೊಂಡು ಕಿತ್ತುಬರುತ್ತದೆ. ಪೈಪಿಗೆ ಕಟ್ಟಿದ ಮೂರು ಕಡ್ಡಿಗಳ ಮೇಲೆ ನಿಲ್ಲಿಸಿದ ಮುಚ್ಚಳದಿಂದ ಕೊಳವೆಯೊಳಕ್ಕೆ ಇಳಿಬಿಡಿ. ಮೋಟರಿನ ಅಡಾಪ್ಟರಿನಿಂದಲೇ ಅದಕ್ಕೂ ಕರೆಂಟು ಕೊಡುವುದಾದರೆ 470 ಓಮ್ ರೆಸಿಸ್ಟರ್ (ಕರೆಂಟು ತಗ್ಗಿಸುವ ಪುಟ್ಟ ಬಿಡಿಭಾಗ) ಬೇಕೇ ಬೇಕು, ಇಲ್ಲದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತದೆ.

ಹೆಚ್ಚಿನವರು ಎಡವುವುದು ಬೆಳಕಿನಲ್ಲಿ. 5 ಮಿ.ಮೀ. ಎಲ್‌ಇಡಿಯ ಬೆಳಕು ತಲೆಯ ನೇರಕ್ಕೇ ಹೋಗುತ್ತದೆ, ಸೀಳಿನ ಕಡೆ ಬರುವುದೇ ಕಡಿಮೆ. ತಲೆಯನ್ನು ಉಪ್ಪುಕಾಗದದಿಂದ ಬೆಳ್ಳಗೆ ಮಬ್ಬಾಗುವಷ್ಟು ಉಜ್ಜಿ, ಸುತ್ತಲೂ ಹರಡುತ್ತದೆ.

ಕೋಣೆ ಕತ್ತಲು ಮಾಡಿ, ಮಕ್ಕಳನ್ನು ಸುತ್ತ ಕೂರಿಸಿ ಎಣಿಸಲು ಹೇಳಿ. ಪ್ರತಿಯೊಬ್ಬರ ಮುಖಕ್ಕೂ ಆರು ಸೆಕೆಂಡಿಗೊಮ್ಮೆ ಬೆಳಕು ಬರುತ್ತದೆ. ಉಡುಪಿ ಬಳಿಯ, 1901ರ ಕಾಪು ದೀಪಸ್ತಂಭದಂಥ ನಿಜವಾದವುಗಳಿಗೂ ತಮ್ಮದೇ ಲಯವಿದೆ; ನಾವಿಕರು ಆ ಲಯದಿಂದಲೇ ಇದು ಯಾವ ದೀಪವೆಂದು ಗುರುತಿಸುತ್ತಾರೆ. ಲಯ ತಪ್ಪಿದರೆ ನಂಬಿದವರ ದಾರಿಯೂ ತಪ್ಪುತ್ತದೆ. ಕ್ರೈಸ್ತ ನಡತೆಯ ಬಗ್ಗೆ ಹೇಳಬೇಕಾದ್ದು ಇದನ್ನೇ: ಇವತ್ತೊಂದು, ನಾಳೆಯೊಂದು ಆಗಬಾರದು. ಇನ್ನೊಂದು ಮಾತು ದೊಡ್ಡವರಿಗೂ ಬೇಕು: ದೀಪಸ್ತಂಭ ಹಡಗನ್ನು ಎಳೆಯುವುದಿಲ್ಲ, ಚುಕ್ಕಾಣಿ ನಾವಿಕನ ಕೈಯಲ್ಲೇ ಇರುತ್ತದೆ.

ವಚನವನ್ನು ಮೋಟರ್ ನಿಲ್ಲಿಸಿದ ಮೇಲೆ ಓದಿಸಿ. ತಿರುಗುತ್ತಿರುವಾಗ ಯಾರೂ ಕೇಳಿಸಿಕೊಳ್ಳುವುದಿಲ್ಲ.