ಕೊಟ್ಟದ್ದು ಒಂದು, ಲೆಕ್ಕಕ್ಕೆ ಸಿಕ್ಕಿದ್ದು ಎರಡು: ಪೈಥಾನ್ ಕ್ಲಾಸ್ ಎರರ್ ಬಿಡಿಸುವುದು ಹೇಗೆ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೂಪ್, ಫಂಕ್ಷನ್‌ಗಳನ್ನು ಸಲೀಸಾಗಿ ದಾಟಿ ಬಂದವರೂ ಕ್ಲಾಸ್ (ಅಚ್ಚು) ಮತ್ತು ಆಬ್ಜೆಕ್ಟ್ (ಆ ಅಚ್ಚಿನಿಂದ ಮಾಡಿದ ವಸ್ತು) ಪಾಠದಲ್ಲಿ ಮುಗ್ಗರಿಸುವುದನ್ನು ಹಲವು ಬಾರಿ ಕಂಡಿದ್ದೇನೆ. ಎರರ್ ಕಂಡೊಡನೆ ಸಿಕ್ಕಸಿಕ್ಕಲ್ಲಿ, ಆಯಾ ಆಬ್ಜೆಕ್ಟನ್ನು ಸೂಚಿಸುವ ‘ಸೆಲ್ಫ್’ ಎಂಬ ಹೆಸರು ಸೇರಿಸಿ, ಅದರಿಂದ ಫಲ ಸಿಗದಿದ್ದರೆ ತೆಗೆದುಹಾಕಿ, ಕೊನೆಗೆ ಇಡೀ ಪ್ರೋಗ್ರಾಮನ್ನೇ ಅಳಿಸಿ ಮತ್ತೆ ಟೈಪ್ ಮಾಡಲು ಕೂರುತ್ತಾರೆ.

ಮೊದಲಿಗೆ ಎರರ್ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿರಿ. ಕೊನೆಯ ಸಾಲಿನಲ್ಲಿ ತಪ್ಪಿನ ಬಗೆಯೂ ಅದರ ಮೇಲೆ ಸಾಲಿನ ಸಂಖ್ಯೆಯೂ ಇರುತ್ತವೆ.

ಕೊನೆಯ ಸಾಲು ‘ಟೈಪ್ ಎರರ್’ ಎಂದಿದ್ದರೆ ಅಲ್ಲಿನ ಅಂಕಿಗಳನ್ನು ಗಮನಿಸಬೇಕು. ‘ಖಾತೆ’ ಎಂಬ ಕ್ಲಾಸಿನಲ್ಲಿ ‘ಜಮಾ’ ಎಂಬ ಮೆಥಡ್, ಅಂದರೆ ಕ್ಲಾಸಿನೊಳಗಿನ ಫಂಕ್ಷನ್, ಇದೆಯೆನ್ನೋಣ. ‘ರಮೇಶ.ಜಮಾ(500)’ ಎಂದು ಬರೆದಾಗ ಪೈಥಾನ್ ಅದನ್ನು ‘ಖಾತೆ.ಜಮಾ(ರಮೇಶ, 500)’ ಎಂದೇ ನಡೆಸುತ್ತದೆ. ಚುಕ್ಕಿಯ ಎಡಕ್ಕಿರುವ ಆಬ್ಜೆಕ್ಟ್ ತಾನಾಗಿ ಮೊದಲ ಆರ್ಗ್ಯುಮೆಂಟ್ (ಮೆಥಡ್ಡಿಗೆ ಕೊಡುವ ಬೆಲೆ) ಆಗಿ ಒಳಹೋಗುತ್ತದೆ. ಆದ್ದರಿಂದ ಮೆಥಡ್ಡನ್ನು ‘ಜಮಾ(ಮೊತ್ತ)’ ಎಂದಷ್ಟೇ ಬರೆದಿದ್ದರೆ, ಒಂದನ್ನು ಸ್ವೀಕರಿಸುವ ಮೆಥಡ್ಡಿಗೆ ಎರಡನ್ನು ಕೊಡಲಾಗಿದೆ ಎಂಬ ದೂರು ಬರುತ್ತದೆ. ‘ಜಮಾ(ಸೆಲ್ಫ್, ಮೊತ್ತ)’ ಎಂದು ತಿದ್ದಿದರೆ ಸರಿಹೋಗುತ್ತದೆ.

ಇದಕ್ಕಿಂತ ಹೆಚ್ಚು ದಿಕ್ಕು ತಪ್ಪಿಸುವುದು ಇದರ ತದ್ವಿರುದ್ಧದ ತಪ್ಪು. ‘ರಮೇಶ = ಖಾತೆ()’ ಎನ್ನುವ ಬದಲು ಆವರಣ ಮರೆತು ‘ರಮೇಶ = ಖಾತೆ’ ಎಂದು ಬರೆದರೆ ಆ ಸಾಲಿನಲ್ಲಿ ಯಾವ ಎರರ್ ಕೂಡ ಬರುವುದಿಲ್ಲ. ಮುಂದೆ ‘ರಮೇಶ.ಜಮಾ(500)’ ಎಂದಾಗ ಮಾತ್ರ ‘ಮೊತ್ತ’ ಕೊಟ್ಟಿಲ್ಲ ಎಂಬ ಸಂದೇಶ ಬರುತ್ತದೆ. ಆಬ್ಜೆಕ್ಟೇ ಹುಟ್ಟದಿರುವುದರಿಂದ 500 ಎಂಬುದು ‘ಸೆಲ್ಫ್’ ಜಾಗದಲ್ಲಿ ಹೋಗಿ ಕುಳಿತು, ‘ಮೊತ್ತ’ದ ಜಾಗ ಖಾಲಿ ಉಳಿದಿರುತ್ತದೆ. ಅನುಮಾನ ಬಂದಾಗ ‘ಪ್ರಿಂಟ್(ಟೈಪ್(ರಮೇಶ))’ ಎಂಬ ಒಂದು ಸಾಲು ಸಾಕು: ಉತ್ತರದಲ್ಲಿ ‘ಖಾತೆ’ ಎಂಬ ಹೆಸರಿನ ಬದಲು ‘ಟೈಪ್’ ಎಂದೇ ಬಂದರೆ ನಿಮ್ಮ ಕೈಯಲ್ಲಿರುವುದು ಆಬ್ಜೆಕ್ಟ್ ಅಲ್ಲ, ಕ್ಲಾಸ್.

ಕೇಳಿದ ಹೆಸರು ಆಬ್ಜೆಕ್ಟ್‌ನಲ್ಲಿ ಇಲ್ಲ ಎನ್ನುವ ‘ಆಟ್ರಿಬ್ಯೂಟ್ ಎರರ್’ ಬಂದರೆ ಎರರ್ ತೋರಿಸಿದ ಸಾಲಿನ ಜೊತೆಗೆ, ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ನಡೆಯುವ ‘ಇನಿಟ್’ ಮೆಥಡ್ಡನ್ನೂ ನೋಡಿರಿ. ಅಲ್ಲಿ ‘ಸೆಲ್ಫ್.ಬಾಕಿ = 0’ ಎನ್ನದೆ ಬರೀ ‘ಬಾಕಿ = 0’ ಎಂದಿದ್ದರೆ ಆ ಬೆಲೆ ಮೆಥಡ್ ಮುಗಿದೊಡನೆ ಇಲ್ಲವಾಗುತ್ತದೆ. ಇನಿಟ್‌ನ ಹಿಂದೆ ಎರಡು, ಮುಂದೆ ಎರಡು ಅಂಡರ್‌ಸ್ಕೋರ್ ಇರಲೇಬೇಕು. ಕೈಯಿಂದ ಕೈಗೆ ದಾಟುವ ಪಿಡಿಎಫ್ ನೋಟ್ಸ್‌ಗಳಲ್ಲಿ ಆ ಎರಡೂ ಕೂಡಿಕೊಂಡು ಒಂದೇ ಗೆರೆಯಂತೆ ಕಾಣುತ್ತವೆ. ಅವುಗಳಿಂದ ಕೋಡ್ ಕಾಪಿ ಮಾಡುವುದನ್ನು ಬಿಟ್ಟೇಬಿಡಿ, ಕೈಯಾರೆ ಟೈಪ್ ಮಾಡಿರಿ. ಹೆಸರಿನ ಕಾಗುಣಿತ ತಪ್ಪಿದ್ದರೆ 2021ರಲ್ಲಿ ಬಂದ ಪೈಥಾನ್ 3.10 ಮತ್ತು ನಂತರದ ಆವೃತ್ತಿಗಳು ಹತ್ತಿರದ ಹೆಸರನ್ನು ತಾವೇ ಸೂಚಿಸುವುದುಂಟು. ‘ಟ್ರೈ–ಎಕ್ಸೆಪ್ಟ್’ ಹಾಕಿ ಎರರ್ ಮುಚ್ಚುವ ಅಡ್ಡದಾರಿಯನ್ನು ಕಲಿಕೆಯ ಹಂತದಲ್ಲಿ ನಾನಂತೂ ಒಪ್ಪುವುದಿಲ್ಲ.

ಎರರ್ ಬಾರದೆಯೂ ಲೆಕ್ಕ ಕೆಡುವುದುಂಟು. ‘ವಹಿವಾಟು = [ ]’ ಎಂಬ ಖಾಲಿ ಪಟ್ಟಿಯನ್ನು ಇನಿಟ್‌ನ ಹೊರಗೆ, ಕ್ಲಾಸಿನಲ್ಲೇ ಬರೆದರೆ ಎಲ್ಲ ಆಬ್ಜೆಕ್ಟ್‌ಗಳಿಗೂ ಅದೊಂದೇ ಪಟ್ಟಿ; ರಮೇಶನ ಜಮಾ ಸವಿತಾಳ ಖಾತೆಯಲ್ಲೂ ಕಾಣಿಸುತ್ತದೆ. ‘ರಮೇಶ.ವಹಿವಾಟು ಈಸ್ ಸವಿತಾ.ವಹಿವಾಟು’ ಎಂಬುದನ್ನು ಪ್ರಿಂಟ್ ಮಾಡಿದಾಗ ‘ಟ್ರೂ’ ಬಂದರೆ, ಆ ಸಾಲನ್ನು ಇನಿಟ್‌ನೊಳಗೆ ‘ಸೆಲ್ಫ್.ವಹಿವಾಟು = [ ]’ ಎಂದು ಬರೆದು ಮತ್ತೆ ಓಡಿಸಿರಿ; ಈ ಬಾರಿ ‘ಫಾಲ್ಸ್’ ಬರಬೇಕು.